ಇಳಿಜಾರಿನಲ್ಲಿ ನಿಂತ ಮನೆ

ನಾನೊಂದು ವ್ಯಾನು. ತಗಡಿನ ಹಾಳೆಗಳನ್ನು ಅಚ್ಚಿನಲ್ಲಿ ಒತ್ತಿ, ಅಂಚುಗಳನ್ನು ಬೆಸೆದು, ಬಿಳಿ ಬಣ್ಣ ಸಿಂಪಡಿಸಿ, ಬಿಸಿ ಕೋಣೆಯಲ್ಲಿ ಒಣಗಿಸಿ ನನ್ನನ್ನು ಮಾಡಿದರು. ಆ ಕೋಣೆಯ ಶಾಖವೇ ನನ್ನ ಮೊದಲ ನೆನಪು. ನನ್ನಲ್ಲಿ ಎಂಟು ಜನ ಕೂರಬಹುದು ಎಂದು ಕಾಗದದಲ್ಲಿ ಬರೆದರು. ಮಲಗುವುದರ ಬಗ್ಗೆ ಏನನ್ನೂ ಬರೆಯಲಿಲ್ಲ.

ಮೊದಲು ದಾವಣಗೆರೆಯ ಒಂದು ಬೇಕರಿಗೆ ಹೋದೆ. ಹಿಂದಿನ ಸೀಟುಗಳನ್ನು ಕಿತ್ತು ಬ್ರೆಡ್ಡಿನ ತಟ್ಟೆಗಳನ್ನು ಜೋಡಿಸಿದರು. ಆರು ವರ್ಷ ನನ್ನ ನೆಲದ ಸಂದುಗಳಲ್ಲಿ ರಸ್ಕಿನ ಪುಡಿ, ಅದನ್ನು ಹುಡುಕಿಕೊಂಡು ಬರುವ ಇರುವೆಗಳು. ಬೇಕರಿಯವರು ದೊಡ್ಡ ಗಾಡಿ ಕೊಂಡಾಗ ನಾನು ಪಾಲಯ್ಯನ ಪಾಲಾದೆ. ಅವನು ಮೊಳಕಾಲ್ಮೂರು ಕಡೆಯವನು. ಬಕೆಟ್ಟು, ಚೆಂಬು, ಬಾಚಣಿಗೆ, ಚಾಪೆ ತುಂಬಿಕೊಂಡು ಸಂತೆಯಿಂದ ಸಂತೆಗೆ ಹೋಗುತ್ತಿದ್ದ. ಪಕ್ಕದ ಸೀಟಿನಲ್ಲಿ ಅವನ ಹೆಂಡತಿ ಓಬಕ್ಕ. ಮಕ್ಕಳಿರಲಿಲ್ಲ. ಗಂಡ ಬೆಲೆ ಹೇಳಲು ನಾಚುತ್ತಿದ್ದುದರಿಂದ ವ್ಯಾಪಾರವೆಲ್ಲ ಅವಳ ಬಾಯಿಂದಲೇ ನಡೆಯುತ್ತಿತ್ತು.

ಮೂರನೆಯ ವರ್ಷ ಓಬಕ್ಕನ ಪಾದಗಳು ಊದಿದವು. ಬೆರಳಿನಿಂದ ಒತ್ತಿದರೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಎರಡೂ ಮೂತ್ರಪಿಂಡಗಳು ಕೆಲಸ ನಿಲ್ಲಿಸಿವೆ, ವಾರಕ್ಕೆ ಮೂರು ಸಲ ಯಂತ್ರದಿಂದ ರಕ್ತ ಶುದ್ಧಿ ಮಾಡಬೇಕು ಎಂದರು ವೈದ್ಯರು. ಮಂಗಳವಾರ, ಗುರುವಾರ, ಶನಿವಾರ, ಚಿತ್ರದುರ್ಗದಲ್ಲಿ. ಊರಿನಿಂದ ಅಲ್ಲಿಗೆ ಎಂಬತ್ತು ಕಿಲೋಮೀಟರಿಗೂ ಹೆಚ್ಚು. ಡಯಾಲಿಸಿಸ್ ಮುಗಿಸಿ ಅಷ್ಟು ದೂರ ವಾಪಸು ಬರುವಾಗ ಅವಳು ವಾಂತಿ ಮಾಡಿ ಮಾಡಿ ಎಚ್ಚರ ತಪ್ಪುತ್ತಿದ್ದಳು. ಪಾಲಯ್ಯ ಊರಿನ ತನ್ನ ಪಾಲಿನ ಮನೆಯನ್ನು ತಮ್ಮ ಗಾದ್ರಯ್ಯನಿಗೆ ಬಿಟ್ಟುಕೊಟ್ಟು, ಬಂದ ಹಣವನ್ನು ಚಿಕಿತ್ಸೆಗೆ ಹಾಕಿ, ದುರ್ಗದಲ್ಲೇ ಬಾಡಿಗೆ ಮನೆ ಹುಡುಕತೊಡಗಿದ.

ಹನ್ನೊಂದು ಮನೆ ನೋಡಿದರು. ಹನ್ನೊಂದರ ಬಾಗಿಲಲ್ಲೂ ನಾನು ಕಾದು ನಿಂತಿದ್ದೆ. ಎಲ್ಲ ಕಡೆಯೂ ಮಾತು ಚೆನ್ನಾಗಿ ಶುರುವಾಗಿ, ಡಯಾಲಿಸಿಸ್ ಸೂಜಿ ಚುಚ್ಚಿದ ಓಬಕ್ಕನ ಎಡಗೈಯ ಬ್ಯಾಂಡೇಜು ಕಂಡ ಕೂಡಲೇ ಬೇರೆ ದಾರಿ ಹಿಡಿಯುತ್ತಿತ್ತು. ಕಾರಣವನ್ನು ಬಾಯಿಬಿಟ್ಟು ಹೇಳಿದವರು ಕೊನೆಯ ಮನೆಯ ಒಡತಿ ಸರ್ವಮಂಗಳಮ್ಮ ಒಬ್ಬರೇ.

"ಬೇಜಾರ್ ಮಾಡ್ಕಬ್ಯಾಡಿ ಕಣಣ್ಣ. ನಮ್ಮತ್ತೆ ಧನಿಷ್ಠ ನಕ್ಷತ್ರದಾಗೆ ಹೋದ್ರು. ಮನೆಗೆ ಬೀಗ ಜಡ್ದು, ಬಾಗ್ಲಿಗೆ ಮುಳ್ಳು ಕಟ್ಟಿ, ಆರು ತಿಂಗ್ಳು ಕಂಡೋರ ಮನ್ಯಾಗೆ ಇದ್ವಿ. ಇನ್ನೊಂದ್ಸಲ ಆಗಾಕಿಲ್ಲ ನನ್ ಕೈಲಿ."

"ಅಕ್ಕಾ, ನಾನು ಪಂಚಾಂಗ ನೋಡ್ಕಂಡೇ ಹೋಗ್ತೀನಿ ಬಿಡು," ಎಂದಳು ಓಬಕ್ಕ. "ಒಳ್ಳೆ ನಕ್ಷತ್ರ ಸಿಗಾಗಂಟ ತಡ್ಕಂತೀನಿ."

ಸರ್ವಮಂಗಳಮ್ಮ ನಕ್ಕರು. ಕಣ್ಣೊರೆಸಿಕೊಂಡು ಒಂದು ಸೇರು ಅವರೆಕಾಳು ಕೊಟ್ಟರು. ಮನೆ ಕೊಡಲಿಲ್ಲ.

ಆ ಸಂಜೆ ಪಾಲಯ್ಯ ಬಕೆಟ್ಟುಗಳನ್ನೆಲ್ಲ ಸಿಕ್ಕಿದ ಬೆಲೆಗೆ ಮಾರಿ, ನನ್ನೊಳಗೆ ಉದ್ದಕ್ಕೆ ಒಂದು ಹಲಗೆ ಹಾಸಿದ. ಹೀಗೆ ನಾನು ಅವರ ಮನೆಯಾದೆ.

ನನಗೆ ತಿಳಿದ ಮಟ್ಟಿಗೆ, ಮಲಗಲು ಜಾಗ ಹುಡುಕುವುದು ದುಡಿಮೆಗಿಂತ ಹೆಚ್ಚು ದಣಿಸುತ್ತದೆ. ದುಡಿಮೆ ಒಮ್ಮೆ ಮುಗಿಯುತ್ತದೆ, ಇದು ಪ್ರತಿ ಸಂಜೆ ಮೊದಲಿನಿಂದ ಶುರುವಾಗುತ್ತದೆ. ಹತ್ತಿರ ಶೌಚಾಲಯ ಇರಬೇಕು. ಎಬ್ಬಿಸುವವರು ಇರಬಾರದು. ಇವೆರಡು ಎಲ್ಲರಿಗೂ ಬೇಕಾದವೇ. ನಮಗೆ ಮೂರನೆಯದೊಂದಿತ್ತು: ನೆಲ ಇಳಿಜಾರಾಗಿರಬೇಕು. ಓಬಕ್ಕನ ದೇಹದಲ್ಲಿ ನೀರು ನಿಲ್ಲುತ್ತಿತ್ತು. ಮಟ್ಟಸವಾಗಿ ಮಲಗಿದರೆ ಆ ನೀರು ಎದೆಗೆ ಏರಿ ಉಸಿರು ಕಟ್ಟುತ್ತಿತ್ತು. ಎಷ್ಟು ದಿಂಬು ಇಟ್ಟರೂ ಅವಳು ಜಾರಿ ಕೆಳಗೆ ಬರುತ್ತಿದ್ದಳು. ಇಡೀ ಹಾಸಿಗೆಯೇ ಓರೆಯಾದರೆ ಮಾತ್ರ ನಿದ್ದೆ. ಹಾಗಾಗಿ ಪಾಲಯ್ಯ ನನ್ನ ಮೂತಿಯನ್ನು ಏರಿನ ಕಡೆಗೆ ಮಾಡಿ ನಿಲ್ಲಿಸಿ, ಅರ್ಧ ನೀರಿದ್ದ ಬಾಟಲಿಯನ್ನು ಹಲಗೆಯ ಮೇಲೆ ಉದ್ದಕ್ಕೆ ಮಲಗಿಸಿ, ಬುಡಕ್ಕೂ ಬಾಯಿಗೂ ನೀರಿನ ವ್ಯತ್ಯಾಸವನ್ನು ಬೆರಳಿನಿಂದ ಅಳೆಯುತ್ತಿದ್ದ. ಮೂರು ಬೆರಳು ಬಂದರೆ ಓಬಕ್ಕ ಮಲಗುತ್ತಿದ್ದಳು. ಎರಡು ಬಂದರೆ ಕೆಮ್ಮುತ್ತಿದ್ದಳು.

ಪೆಟ್ರೋಲ್ ಬಂಕುಗಳಲ್ಲಿ ಶೌಚಾಲಯವಿತ್ತು, ನೆಲ ಮಟ್ಟಸ. ಕೋಟೆಯ ಕಡೆಯ ರಸ್ತೆಗಳಲ್ಲಿ ಏರಿತ್ತು, ನೀರಿಲ್ಲ. ಒಂದು ಕಲ್ಯಾಣ ಮಂಟಪದ ಹಿಂದೆ ಎಲ್ಲವೂ ಇತ್ತು. ಮದುವೆಯಿಲ್ಲದ ದಿನಗಳಲ್ಲಿ ಕಾವಲುಗಾರ ಹಯಾತ್ ಸಾಬ್ ಬಿಡುತ್ತಿದ್ದ.

"ಏನ್ ಅಮ್ಮಾ, ಇವತ್ತು ಬಾಗ್ಲು ಯಾವ ಕಡೆ?" ಎಂದು ಅವನು ಕೇಳುವುದು.

"ಪಡುವಲಕ್ಕೆ, ಸಾಬ್ರೇ. ನಿನ್ನೆ ತೆಂಕಲಾಗಿತ್ತು. ನಮ್ಮನೆ ವಾಸ್ತು ನೋಡಕ್ಕೆ ಬಂದೋನು ತಲೆ ತಿರುಗಿ ಬೀಳ್ತಾನೆ," ಎಂದು ಅವಳು ಹೇಳುವುದು.

ನಮಗೆ ಸಿಕ್ಕಿದ್ದರಲ್ಲಿ ಉತ್ತಮವಾದ ಜಾಗ ಮುಚ್ಚಿದ ಎಣ್ಣೆ ಮಿಲ್ಲಿನ ಹಿಂದಿನ ರಸ್ತೆ. ಸಾರ್ವಜನಿಕ ಶೌಚಾಲಯ ಅರವತ್ತು ಹೆಜ್ಜೆ ದೂರ, ಅಷ್ಟು ನಡೆಯಲು ಅವಳಿಗೆ ಆಗುತ್ತಿತ್ತು. ಓರೆ ಸರಿಯಾಗಿ ಮೂರು ಬೆರಳು. ಅಲ್ಲಿ ನಲವತ್ತೊಂದು ರಾತ್ರಿ ಕಳೆದೆವು. ಓಬಕ್ಕನ ಮುಖದ ಊತ ಸ್ವಲ್ಪ ಇಳಿದಿತ್ತು. ಪಾಲಯ್ಯ ಬೆಳಗಿನ ಹೊತ್ತು ತರಕಾರಿ ಸಾಗಿಸುವ ಕೆಲಸ ಹಿಡಿದಿದ್ದ. ಇನ್ನು ಇಲ್ಲೇ ಎಂದು ನಾನೂ ಅಂದುಕೊಂಡಿದ್ದೆ.

ನಲವತ್ತೆರಡನೆಯ ಸಂಜೆ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ವಾಕಿಂಗ್ ಕೋಲಿನಿಂದ ನನ್ನ ಬಾಗಿಲನ್ನು ತಟ್ಟಿದರು.

"ನಿಮ್ಮಿಂದ ತೊಂದ್ರೆ ಇಲ್ಲಪ್ಪ, ನಾನು ಹಾಗೆ ಹೇಳಲ್ಲ. ಆದ್ರೆ ಇವತ್ತು ಒಂದು ಗಾಡಿ ನಿಂತ್ರೆ ನಾಳೆ ಹತ್ತು ನಿಲ್ತವೆ."

"ಹೆಂಡ್ತಿಗೆ ಹುಷಾರಿಲ್ಲ ಸಾ. ಇಲ್ಲಿ ರಸ್ತೆ ಓರೆ ಐತೆ, ಅದ್ಕೆ..."

"ಓರೆ ರಸ್ತೆ ಊರ್ ತುಂಬಾ ಇವೆಯಲ್ಲಪ್ಪ."

ಪಾಲಯ್ಯ ವಾದಿಸುವವನಲ್ಲ. ಓಬಕ್ಕ ಒಳಗಿನಿಂದ, "ಮೇಷ್ಟ್ರೇ, ಒಂದಾದ್ರೂ ತೋರ್ಸಿ, ಅಲ್ಲಿಗೇ ಹೋಗ್ತೀವಿ," ಎಂದಳು. ಅವರು ಕೋಲೂರುತ್ತ ನಡೆದರು. ಮರುದಿನ ಆ ಜಾಗದಲ್ಲಿ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು.

ಆಮೇಲೆ ಒಂದೇ ಕಡೆ ಎರಡು ರಾತ್ರಿ ನಿಂತದ್ದು ಕಡಿಮೆ. ಶನಿವಾರದಿಂದ ಮಂಗಳವಾರದವರೆಗಿನ ಅಂತರವೇ ವಾರದಲ್ಲಿ ದೊಡ್ಡದು. ಸೋಮವಾರ ಅವಳ ದೇಹದಲ್ಲಿ ನೀರು ಹೆಚ್ಚು, ಉಸಿರು ಕಡಿಮೆ. ಅಂಥ ಒಂದು ಸೋಮವಾರ, ಮದುವೆಯ ದಿನಗಳಲ್ಲಿ, ಹಯಾತ್ ಸಾಬ್ ದೂರದಿಂದಲೇ ಕೈಯಾಡಿಸಿದ. ಮಂಟಪದ ಹಿಂದೆ ಕಾರುಗಳು ತುಂಬಿದ್ದವು. ಊರು ಮೂರು ಸುತ್ತು ಸುತ್ತಿದೆವು. ಕೊನೆಗೆ ಸಿಕ್ಕಿದ್ದು ಲಾರಿಗಳು ನಿಲ್ಲುವ ಬಯಲು, ಕೈಯಲ್ಲಿ ಸವರಿದಷ್ಟು ಮಟ್ಟಸ. ಪಾಲಯ್ಯ ನನ್ನ ಮುಂದಿನ ಚಕ್ರಗಳನ್ನು ಇಟ್ಟಿಗೆಗಳ ಮೇಲೆ ಹತ್ತಿಸಿದ. ಒಂದು ಬೆರಳು ಬಂತು.

"ಆಸ್ಪತ್ರೆಗೆ ಹೋಗಾಣ?"

"ಬೆಳಿಗ್ಗೆ ನಮ್ದೇ ಮೊದಲ್ನೇ ಪಾಳಿ. ಸುಮ್ಕಿರು ದೊರೆ."

ಅವನು ಅವಳ ಹಿಂದೆ ಕುಳಿತು ತನ್ನ ಎದೆಗೆ ಅವಳನ್ನು ಒರಗಿಸಿಕೊಂಡ. ಇಳಿಜಾರು ಸಿಗದಾಗ ತಾನೇ ಇಳಿಜಾರಾದ. ನಡುವೆ ಅವನಿಗೆ ಮಂಪರು ಹತ್ತಿತು. ಅವಳ ಉಸಿರಿನ ಆವಿ ಅವಳ ಮುಖದ ಪಕ್ಕದ ನನ್ನ ಗಾಜಿನ ಮೇಲೆ ಕೂರುತ್ತಿತ್ತು. ಬೆಳಕು ಹರಿಯುವಾಗ ಹೊಸ ಆವಿ ಕೂರಲಿಲ್ಲ. ಅವನಿಗಿಂತ ಮೊದಲು ನನಗೆ ಗೊತ್ತಾಯಿತು. ಹೇಳುವ ಬಾಯಿ ನನಗಿರಲಿಲ್ಲ.

ಅವಳನ್ನು ನಾನೇ ಊರಿಗೆ ಕೊಂಡೊಯ್ದೆ. ಮಣ್ಣು ಮುಗಿದ ಮೇಲೆ ಗಾದ್ರಯ್ಯನ ಅಂಗಳದಲ್ಲಿ ಹಿರಿಯರು ಕೂತರು. ಶಾಸ್ತ್ರ ಹೇಳುವ ಅಯ್ಯನವರು ಪಂಚಾಂಗ ತೆರೆದು ಗಳಿಗೆ ಲೆಕ್ಕ ಹಾಕಿ ತಲೆಯೆತ್ತಿದರು.

"ಧನಿಷ್ಠ. ಆರು ತಿಂಗಳು. ಜೀವ ಹೋದ ಮನೆ ಯಾವ್ದು?"

ಎಲ್ಲರೂ ನನ್ನ ಕಡೆ ನೋಡಿದರು.

"ಅದು ಗಾಡಿ ಕಣ್ರೋ, ಮನೆ ಅಲ್ಲ," ಎಂದ ಗಾದ್ರಯ್ಯ. "ಗಾಡಿಗೆಂಥ ನಕ್ಷತ್ರ? ಅಣ್ಣ ಅದ್ರಾಗೇ ಮಲಗ್ಲಿ. ಬ್ಯಾರೆ ಎಲ್ಲೈತೆ ಅವ್ನಿಗೆ?"

ಅಯ್ಯನವರೂ ಹೂಂಗುಟ್ಟಿದರು. "ಬೀದಿಮ್ಯಾಲೆ ಹೋದ ಜೀವಕ್ಕೆ ದೋಷ ಇಲ್ಲ."

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಬೆಲೆ ಹೇಳಲೂ ನಾಚುತ್ತಿದ್ದ ಪಾಲಯ್ಯ ಆಗ ಎದ್ದು ನಿಂತ.

"ಮನೇನೇ," ಎಂದ. "ಒಂದೂಮುಕ್ಕಾಲು ವರ್ಷ ಅದ್ರಾಗೆ ಒಲೆ ಹತ್ತೈತೆ. ದೀಪ ಹಚ್ಚವ್ಳೆ. ಮನೆ ಅಲ್ಲ ಅಂದ್ರೆ ನನ್ನ ಹೆಂಡ್ತಿ ಬೀದ್ಯಾಗೆ ಸತ್ತಂಗಾತು. ಅವ್ಳು ಬೀದ್ಯಾಗೆ ಸತ್ತಿಲ್ಲ."

ಅವನು ನನ್ನೊಳಗಿನ ಪಾತ್ರೆ, ಹಾಸಿಗೆ ಇಳಿಸಿದ. ಬಾಗಿಲು ಜಡಿದು, ಎರಡೂ ಹಿಡಿಕೆಗಳಿಗೆ ಜಾಲಿಮುಳ್ಳಿನ ಕೊಂಬೆ ಕಟ್ಟಿದ. ಮುಳ್ಳು ಚುಚ್ಚಿ ಬೆರಳಿನಿಂದ ರಕ್ತ ಬಂತು. ಸಾವಿನ ಮನೆಯಲ್ಲಿದ್ದವನನ್ನು ಎರಡು ತಿಂಗಳು ಕಳೆಯದೆ ಒಳಗೆ ಕರೆಯಲು ತಮ್ಮನ ಹೆಂಡತಿ ಹೆದರಿದಳು. ಪಾಲಯ್ಯ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮಲಗಿದ. ನಾನು ನಿಂತ ಜಾಗದಿಂದ ಆ ಬೆಂಚು ಕಾಣುತ್ತಿತ್ತು. ಮಳೆ ಗಾಳಿಗೆ ಓರೆಯಾಗಿ ಬೀಳುವಾಗ ಅವನು ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಲ್ಲುತ್ತಿದ್ದ. ನನ್ನೊಳಗೆ ಹಲಗೆ ಒಣಗಿಯೇ ಇತ್ತು.

ನನ್ನನ್ನು ಮನೆಯೆಂದು ಕರೆದವನು ಅವನೊಬ್ಬನೇ. ಹಾಗೆ ಕರೆದದ್ದರಿಂದಲೇ ಅವನಿಗೆ ನನ್ನೊಳಗೆ ಜಾಗವಿಲ್ಲದಂತಾಯಿತು. ಇದನ್ನು ಎಷ್ಟು ಸಲ ಯೋಚಿಸಿದರೂ ತಪ್ಪು ಯಾವ ಹಂತದಲ್ಲಿ ಆಯಿತೆಂದು ನನಗೆ ಸಿಗುವುದಿಲ್ಲ. ಅವನು ಹೇಳಿದ್ದು ನಿಜವೇ ಆಗಿತ್ತು.

ಎರಡನೆಯ ತಿಂಗಳ ಒಂದು ಬೆಳಿಗ್ಗೆ ಬೆಂಚು ಖಾಲಿಯಿತ್ತು. ಬಳ್ಳಾರಿ ಕಡೆ ಇಟ್ಟಿಗೆ ಗೂಡಿಗೆ ಹೋದನೆಂದು ಒಬ್ಬರು, ಗುಡಿಯೊಂದರ ಛತ್ರದಲ್ಲಿ ಕಂಡೆವೆಂದು ಇನ್ನೊಬ್ಬರು. ಆರು ತಿಂಗಳು ತುಂಬಿದ ದಿನ ಗಾದ್ರಯ್ಯ ಮುಳ್ಳು ಬಿಚ್ಚಿ, ಗಂಜಲ ಚಿಮುಕಿಸಿ, ಅಣ್ಣನಿಗಾಗಿ ಸಂಜೆಯವರೆಗೂ ಕಾದ. ಅಷ್ಟರಲ್ಲಿ ಇಲಿಗಳು ನನ್ನ ವೈರುಗಳನ್ನು ಕಡಿದಿದ್ದವು, ಚಕ್ರಗಳು ಮಣ್ಣಿಗಿಳಿದಿದ್ದವು.

ಈಗ ಚಳ್ಳಕೆರೆ ರಸ್ತೆಯ ಒಂದು ಗುಜರಿ ಅಂಗಳದಲ್ಲಿದ್ದೇನೆ. ಇಂಜಿನ್ ತೆಗೆದಾಗಿದೆ. ಗಾಜುಗಳೂ ಹೋಗಿವೆ. ಉಳಿದ ತಗಡನ್ನು ಕತ್ತರಿಸಲು ಇಷ್ಟರಲ್ಲೇ ಬರುತ್ತಾರೆ. ಅದಕ್ಕೆ ಅಂಜಿಕೆಯಿಲ್ಲ. ಮನೆಯಾಗಿದ್ದಷ್ಟು ದಿನ ಪಾಲಯ್ಯ ಎಲ್ಲಿ ಮಲಗುತ್ತಾನೆಂಬುದು ಪ್ರತಿ ಸಂಜೆಯೂ ಮೊದಲು ನನಗೆ ಗೊತ್ತಾಗುತ್ತಿತ್ತು. ಈಗ ಹೊತ್ತು ಇಳಿಯುತ್ತದೆ, ರಸ್ತೆಯಲ್ಲಿ ಗಾಡಿಗಳು ದೀಪ ಹಾಕಿಕೊಳ್ಳುತ್ತವೆ. ಪಾಲಯ್ಯ ಎಲ್ಲಿದ್ದಾನೋ ನನಗೆ ಗೊತ್ತಿಲ್ಲ.