ಮೂರನೆಯ ಹೆಜ್ಜೆ

"ನಿಲ್ಲಿಸ್ರಿ," ಎಂದರು ಪರೀಕ್ಷಕ ಜಂಬಣ್ಣ.

ಚಿತ್ರದುರ್ಗದ ಸಮುದಾಯ ಭವನದಲ್ಲಿ ಹೊಸದುರ್ಗದ ಹನ್ನೊಂದು ಮಕ್ಕಳು ಮುಷ್ಟಿ ಬಿಗಿದುಕೊಂಡೇ ನಿಂತರು. ಹಸಿರು ಬೆಲ್ಟಿನ ಪರೀಕ್ಷೆ. ಕಟಾ ಎಂದರೆ ಕರಾಟೆಯ ಗೊತ್ತಾದ ವರಸೆಗಳ ಸರಣಿ. ಅದರ ಮೂರನೆಯ ಹೆಜ್ಜೆಯಲ್ಲಿ ಹಿಂದಕ್ಕೆ ತಿರುಗಬೇಕು. ಹನ್ನೊಂದು ಮಕ್ಕಳೂ ಸೊಂಟ ಎತ್ತಿ, ಅರೆಗಳಿಗೆ ತಡೆದು, ಬಲಗಾಲು ಎಳೆದುಕೊಂಡು ತಿರುಗಿದ್ದರು. ಒಬ್ಬರೂ ಹಿಂದುಮುಂದಾಗಿರಲಿಲ್ಲ.

"ಏನಪ್ಪ ಪರಮೇಶ, ಎಲ್ಲಾ ಕುಂಟ್ತಾವಲ್ಲ? ಬಸ್ಸಿನಾಗೆ ನಿಲ್ಲಿಸ್ಕಂಡು ಬಂದ್ಯಾ?"

ಬೇರೆ ಊರುಗಳ ತರಬೇತುದಾರರು ನಕ್ಕರು. ಈ ಮಕ್ಕಳಿಗೆ ಕಲಿಸಿದ್ದ ಪರಮೇಶ್ ನಗಲಿಲ್ಲ. ತಪ್ಪು ಎಲ್ಲಿಂದ ಬಂತೆಂದು ಅವನಿಗೆ ಗೊತ್ತಾಗಿಬಿಟ್ಟಿತ್ತು.

ಆರು ವರ್ಷದ ಹಿಂದೆ ಹಿರಿಯೂರಿನ ಬಳಿ ಹೆದ್ದಾರಿಯಲ್ಲಿ ಅವನ ಬೈಕಿಗೆ ಲಾರಿ ಗುದ್ದಿತ್ತು. ಬಲತೊಡೆಯ ಮೂಳೆ ಮೂರು ಕಡೆ ಮುರಿದು, ಒಳಗೆ ರಾಡು ಹಾಕಿದ್ದರು. ಹದಿನಾಲ್ಕು ತಿಂಗಳು ಊರುಗೋಲು. ಕಾಲು ಮುಕ್ಕಾಲು ಇಂಚು ಗಿಡ್ಡವಾಯಿತು. ರಾಜ್ಯಮಟ್ಟದಲ್ಲಿ ಎರಡು ಪದಕ ಗೆದ್ದವನು ಮತ್ತೆ ಸ್ಪರ್ಧೆಗೆ ಇಳಿಯಲಾಗದೆ ಕಲಿಸಲು ನಿಂತ. ಕುಂಟು ಕಾಣದ ಹಾಗೆ ಕಟಾ ಮಾಡುವುದನ್ನು ಒಬ್ಬನೇ ಅಭ್ಯಾಸ ಮಾಡಿಕೊಂಡಿದ್ದ. ಕಾಣುವುದಿಲ್ಲವೆಂದೇ ನಂಬಿದ್ದ. ಮಕ್ಕಳಿಗೂ ಹೇಳಿರಲಿಲ್ಲ.

ಜಂಬಣ್ಣ ಅವನಿಗೇ ಕಲಿಸಿದವರು. ಹತ್ತಿರ ಬಂದು ದನಿ ತಗ್ಗಿಸಿದರು. "ಮೂರು ಗಂಟೆಗೆ ಇನ್ನೊಂದ್ಸಲ ನೋಡ್ತೀನಿ. ಆವಾಗ್ಲೂ ಹಿಂಗೇ ಆದ್ರೆ ಬೆಲ್ಟ್ ಕೊಡಲ್ಲ. ಮಕ್ಳನ್ನ ಬೇರೆ ಯಾರಿಗಾದ್ರೂ ಒಪ್ಸಿಬಿಡು."

ಭವನದ ಹಿಂದೆ, ಅಡುಗೆಮನೆಯ ಗೋಡೆಯ ನೆರಳಿನಲ್ಲಿ ಮಕ್ಕಳು ಸಾಲಾಗಿ ನಿಂತರು.

"ನೀವು ಮಾಡ್ ತೋರ್ಸ್ರಿ ಮಾಸ್ಟ್ರೆ, ನೋಡ್ಕಂಡು ಮಾಡ್ತೀವಿ," ಎಂದಳು ಸುಮಾ. ಹನ್ನೆರಡರ ಹುಡುಗಿ, ಎಲ್ಲರಿಗಿಂತ ಚುರುಕು.

"ನನ್ನ ನೋಡಿದ್ದಕ್ಕೇ ಹಿಂಗಾಗಿರೋದು."

"ಹಂಗಾರೆ ಆ ಎಳೆಯೋದು ಕಟಾದಾಗೆ ಇಲ್ವಾ?"

"ಇಲ್ಲ ಕಣವ್ವ. ಅದು ನನ್ನ ಕಾಲಾಗೆ ಇರೋದು."

ಅವನು ಪ್ಯಾಂಟನ್ನು ಮಂಡಿಯ ಮೇಲಕ್ಕೆ ಸರಿಸಿದ. ಹೊಲಿಗೆಯ ಗುರುತು ತೊಡೆಯ ಕಡೆಗೆ ಏರಿಹೋಗಿತ್ತು. ಮಕ್ಕಳು ಬಗ್ಗಿ ನೋಡಿದರು.

"ರಾಡು ಇನ್ನೂ ಒಳಗೈತಾ ಮಾಸ್ಟ್ರೆ?" ವಿನೋದ್ ಕೇಳಿದ.

"ಐತೆ."

"ಬಿಸ್ಲಾಗೆ ನಿಂತ್ರೆ ಕಾಯಲ್ವಾ?"

"ಕಾಯಲ್ಲ ಕಣೋ. ಕಾಲು ಮುಂದಿಡು."

ಪರಮೇಶ್ ನೆಲಕ್ಕೆ ಕುಳಿತು ಒಬ್ಬೊಬ್ಬರ ಹಿಮ್ಮಡಿಯನ್ನೂ ಕೈಯಲ್ಲಿ ಹಿಡಿದ. ಇಷ್ಟು ವರ್ಷ ಮೈಯಿಂದ ತೋರಿಸಿದ್ದಕ್ಕೆ ಈಗ ಮಾತು ಹುಡುಕಬೇಕಿತ್ತು. "ಎಡಗಾಲ ಮ್ಯಾಲೆ ಭಾರ ಬಿಡು. ಸೊಂಟ ಎತ್ತಬ್ಯಾಡ. ಬಾಗಿಲು ತಿರುಗಿದಂಗೆ... ಅಲ್ಲ, ಅದಕ್ಕಿಂತ ಬೇಗ." ತಡವರಿಸಿದ, ಬೇರೆ ಥರ ಹೇಳಿದ, ಮತ್ತೆ ಹೇಳಿದ.

ಮೂರು ಗಂಟೆಗೆ ಅವನು ಎಂದಿನಂತೆ ಮಕ್ಕಳ ಎದುರಿಗೆ ನಿಲ್ಲಲಿಲ್ಲ. ಬಲಗಡೆಯ ಗೋಡೆಗೆ ಹೋಗಿ ನಿಂತ. ಜಂಬಣ್ಣ ಎಣಿಸತೊಡಗಿದರು. ಮಕ್ಕಳು ಎಡಕ್ಕೆ ಹೊರಳಿ ಮುಂದೆ ಸಾಗಿದರು. ಎರಡು ಹೆಜ್ಜೆಯವರೆಗೆ ಅವನಿಗೆ ಕಂಡದ್ದು ಹನ್ನೊಂದು ಬೆನ್ನು, ಧೂಳು ಮೆತ್ತಿದ ಹಿಮ್ಮಡಿಗಳು.

ಮೂರನೆಯ ಎಣಿಕೆಗೆ ಸಾಲು ಎಲ್ಲೂ ತಡೆಯದೆ ತಿರುಗಿತು.

ಹನ್ನೊಂದು ಮುಖಗಳೂ ಈಗ ಅವನ ಕಡೆಗಿದ್ದವು. ಸುಮಾಳ ಕಣ್ಣು ಅವನ ಭುಜವನ್ನು ದಾಟಿ ಹಿಂದಿನ ಸುಣ್ಣದ ಗೋಡೆಯಲ್ಲಿ ನೆಟ್ಟಿತ್ತು. ಜಂಬಣ್ಣ ನಿಲ್ಲಿಸದೆ ನಾಲ್ಕನೆಯ ಎಣಿಕೆ ಕೂಗಿದರು.