ರೆಕ್ಕೆಯ ಹೊಲಿಗೆ

ದರ್ಜಿಯಾಕೆ ಗಂಡನ ಕೋಟಿನ ಬದಿಗಳನ್ನು ಒಳಮಡಿಸಿ ಹೊಲಿಯುತ್ತಿದ್ದಳು. ಎರಡು ತಿಂಗಳ ಆಸ್ಪತ್ರೆವಾಸದಲ್ಲಿ ಮನುಷ್ಯ ಅರ್ಧವಾಗಿದ್ದ. ಜೋಲುವ ಕೋಟಿನಲ್ಲಿ ಅವನನ್ನು ಮಣ್ಣಿಗೆ ಕಳಿಸಲು ಅವಳಿಗೆ ಮನಸ್ಸಿರಲಿಲ್ಲ.

ಪಕ್ಕದಲ್ಲಿ ಕೂತ ಮೈದುನ ವಿಮಾನದ ಮಾತು ತೆಗೆದ. ಬಸ್ಸು ಓಡಿಸುತ್ತಿದ್ದ ಅಣ್ಣ ಮೂವರು ಗೆಳೆಯರ ಜೊತೆ ಪಾಲು ಹಾಕಿ ಕೊಂಡಿದ್ದ ಎರಡು ಸೀಟಿನ ಹಳೆಯ ವಿಮಾನ ಅದು, ಬಟ್ಟೆ ಹೊದಿಸಿದ ರೆಕ್ಕೆಯದು. ಕೊಂಡ ಬೆಲೆಯನ್ನು ರಿಪೇರಿ ಯಾವತ್ತೋ ನುಂಗಿತ್ತು. ಈ ವರ್ಷದ ತಪಾಸಣೆಯಲ್ಲಿ ಬಟ್ಟೆ ಲಡ್ಡಾಗಿದೆಯೆಂದು ರೆಕ್ಕೆಗಳನ್ನು ಬಿಚ್ಚಿಟ್ಟಿದ್ದರು. ಹೊಸದು ಹೊದಿಸುವ ಖರ್ಚಿಗೆ ಇಂಥದೇ ಇನ್ನೊಂದು ವಿಮಾನ ಬರುತ್ತದೆ. ಉಳಿದ ಮೂವರೂ ಕೈಚೆಲ್ಲಿದ್ದಾರೆ. ಗುಜರಿಯವನು ಸಂಜೆ ಬರುತ್ತಾನೆ, ಅತ್ತಿಗೆ ರುಜು ಹಾಕಿದರೆ ಮುಗಿಯಿತು.

"ಮೂಗಿಗಿಂತ ಮೂಗುತಿ ಭಾರ ಅಂತ ನೀವೇ ಅಂತಿದ್ರಲ್ಲ ಅತ್ತಿಗೆ."

"ಅಂತಿದ್ದೆ," ಎಂದು ಅವಳು ದಾರ ಕಡಿದಳು.

*

ಹದಿನೆಂಟು ವರ್ಷದ ಹಿಂದೆಯೂ ಹೀಗೇ ಆಗಿತ್ತು. ಹೊದಿಸುವವರು ಕೇಳಿದ ಕೂಲಿಗೆ ಗಂಡ ಊಟ ಬಿಟ್ಟು ಕೂತಿದ್ದಾಗ, ಅದೇನು ಮಹಾ, ದೊಡ್ಡ ದಿಂಬಿನ ಚೀಲ ತಾನೇ ಎಂದಿದ್ದಳು. ವಿಮಾನದ ಮೆಕ್ಯಾನಿಕ್ ನಕ್ಕ. ಆಮೇಲೆ ಅವನೇ ಬಟ್ಟೆಯನ್ನು ರೆಕ್ಕೆಯ ಪಟ್ಟಿಗಳಿಗೆ ಬಿಗಿದು ಗಂಟು ಹಾಕುವುದನ್ನು ಕಲಿಸಿದ. ಎರಡೆರಡು ಬೆರಳಿಗೊಂದು ಗಂಟು. ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿ ಅವಳು ಈಚೆಯಿಂದ ಉದ್ದ ಸೂಜಿ ತೂರಿಸಬೇಕು, ಆಚೆ ಕೂತ ಗಂಡ ಅದನ್ನು ಎಳೆದು ವಾಪಸು ಚುಚ್ಚಬೇಕು. ಒಂದು ಸಾಲು ಸಡಿಲವೆಂದು ಮೆಕ್ಯಾನಿಕ್ ಪೂರ್ತಿ ಬಿಚ್ಚಿಸಿದ. ಮೂರು ತಿಂಗಳು ಹಿಡಿಯಿತು. ಮದುವೆಯಾದ ಮೇಲೆ ಗಂಡಹೆಂಡಿರು ಅಷ್ಟು ಮಾತಾಡಿದ್ದು ಆಗಲೇ, ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಕೂತು.

*

ಮಣ್ಣು ಮುಚ್ಚಿದ ಮೇಲೆ ಅವಳು ಮೆಕ್ಯಾನಿಕ್‌ನನ್ನು ಮರದ ಕೆಳಗೆ ಕರೆದಳು. ಕೂಲಿ ಬಿಟ್ಟು ಬರೀ ಬಟ್ಟೆ, ದಾರ, ಬಣ್ಣಕ್ಕೆ ಎಷ್ಟಾದೀತೆಂದು ಕೇಳಿದಳು. ಒಟ್ಟು ಖರ್ಚಿನ ಐದರಲ್ಲೊಂದು ಪಾಲು, ಎಂಜಿನ್ ಇನ್ನೂ ಗಟ್ಟಿಯಿದೆ ಎಂದ ಅವನು.

"ವಿಮಾನ ಹತ್ತೋ ಮುಂಚೆ ಇವರು ನಿಮ್ಮನ್ನ ಏನೇನು ಕೇಳ್ತಿದ್ರು?"

"ಎಂಜಿನ್ ಕೇಳೋರು, ಟೈರು ಕೇಳೋರು. ಪೆಟ್ರೋಲಿಗೆ ಕಡ್ಡಿ ಅದ್ದಿ ನೋಡೋರು."

"ಹೊಲಿಗೆ?"

"ಇಲ್ಲಮ್ಮ. ಅದನ್ನ ಯಾವತ್ತೂ ಕೇಳಲಿಲ್ಲ."

ಅವಳು ಕಣ್ಣೊರೆಸಿಕೊಂಡು ಮೈದುನನ ಕಡೆ ತಿರುಗಿದಳು. "ವಿಮಾನ ನಿಲ್ಲಿಸೋ ಹ್ಯಾಂಗರ್ ತನಕ ನನ್ನ ಮಂಡಿ ಬರಲ್ಲ. ರೆಕ್ಕೆನೇ ಮನೆಗೆ ತನ್ನಿ."

ಸಂಜೆ ಗುಜರಿಯವನು ಬಂದಾಗ ಕಿಟಕಿಯಿಂದ ಒಂದು ರೆಕ್ಕೆಯ ಅರ್ಧ ರಸ್ತೆಗೆ ಚಾಚಿತ್ತು. ಬಾಗಿಲಲ್ಲಿ ಹಿಡಿಸಿರಲಿಲ್ಲ. ಅವನು ಅದರಡಿ ಬಗ್ಗಿ ಒಳಗೆ ಇಣುಕಿದ. ಕಪ್ಪು ಕೋಟು ಬಿಚ್ಚಿಟ್ಟ ಮೂವರು ಪಾಲುದಾರರು ಹಳೇ ಬಟ್ಟೆ ಹರಿಯುತ್ತಿದ್ದರು, ಮೈದುನ ಬೆರಳು ಚುಚ್ಚಿಕೊಂಡು ಚೀಪುತ್ತಿದ್ದ, ದರ್ಜಿಯಾಕೆ ಅಳತೆಯ ಟೇಪು ಹಲ್ಲಲ್ಲಿ ಕಚ್ಚಿಕೊಂಡೇ ದಾರಿ ಬಿಟ್ಟು ಸರಿಯುವಂತೆ ಗುಜರಿಯವನಿಗೆ ಕೈಸನ್ನೆ ಮಾಡುತ್ತಿದ್ದಳು.