ಮೂವತ್ತನಾಲ್ಕು ದಿನದ ಪೈರು

“ಇವತ್ತು ಸಂಜೆಗೇ ನಾಲೆ ನಿಲ್ಲುಸ್ತಾರಂತೆ ಕಣಕ್ಕ. ನಿನ್ ಸರದಿ ನಾಳೆ ತಾನೆ? ಬರಾಕಿಲ್ಲ.”

ನೀರುಗಂಟಿ ಮಂಟೇಸ್ವಾಮಿ ಇದನ್ನು ಸಾಕಮ್ಮನ ಮುಖ ನೋಡದೆ ಹೇಳಿದ. ಬಿಳಿಗೆರೆ ಕಡೆಯ ಆ ಕಿರುನಾಲೆಯಲ್ಲಿ ಯಾರ ಗದ್ದೆಗೆ ಯಾವಾಗ ನೀರು ಅಂತ ಹೇಳುವವನು ಅವನೇ. ತೂಬಿನ ಮೇಲೆ ಒಂದು ಹಿಡಿ ಲಕ್ಕಿಸೊಪ್ಪು ಇಟ್ಟನೆಂದರೆ ಮುಗಿಯಿತು, ಆ ನೀರನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಈಗ ಸೊಪ್ಪು ಇದ್ದದ್ದು ಗಂಗಾಧರಸ್ವಾಮಿಯವರ ತೂಬಿನ ಮೇಲೆ. ಸಾಕಮ್ಮನ ಮುಕ್ಕಾಲು ಎಕರೆ ನಾಲೆಯ ಕಟ್ಟಕಡೆಗೆ.

“ಐದ್ ದಿನ ಬುಡ್ತೀವಿ ಅಂದಿದ್ರಲ್ಲೋ!”

“ಕಟ್ಟೇಲಿ ನೀರಿದ್ರೆ ತಾನೆ? ಕಟ್ಟೆಗ್ ನೀರ್ ಬರಾ ವಯನಾಡಲ್ಲೇ ಮಳೆ ಇಲ್ಲ. ನಾನೇನ್ ಕೊಡದಲ್ಲಿ ಒತ್ತಾಕ್ಲಾ? ಮುಂದ್ಲ್ ಸರದಿ ಇನ್ನ ಅದ್ನೈದ್ ದಿನಕ್ಕೆ.”

ಸಾಕಮ್ಮ ನಿಂತಲ್ಲಿ ನಿಲ್ಲಲಿಲ್ಲ. ಸಸಿ ಬೆಳೆಸಿದ್ದ ಮಡಿ, ಒಟ್ಲಿನ ಬದುವಿಗೆ ಹೋದಳು, ಬಂದಳು, ಮತ್ತೆ ಹೋದಳು. ಬಾವಿಯ ತಳದ ನೀರನ್ನು ಕೊಡದಲ್ಲಿ ಹೊತ್ತು ಬೆಳೆಸಿದ ಭತ್ತದ ಸಸಿ. ಅತ್ತೆಯ ಕಾಲದಂತೆ ಆರಿದ್ರೆ ಮಳೆಯ ಲೆಕ್ಕ ಹಿಡಿದೇ ಬಿತ್ತಿದ್ದಳು. ನಾಲೆ ಆ ಲೆಕ್ಕ ಕೇಳಲಿಲ್ಲ, ತಡವಾಗಿ ಬಂತು. ಇವತ್ತಿಗೆ ಮೂವತ್ತನಾಲ್ಕು ದಿನ. ಇನ್ನೆರಡು ದಿನ ಕಳೆದರೆ ಪೈರು ಅಲ್ಲೇ ಗೆಣ್ಣು ಕಟ್ಟುತ್ತದೆ. ಆಮೇಲೆ ನಾಟಿಗೆ ಬಾರದು, ಎಮ್ಮೆಗೆ ಹಾಕಬೇಕು, ಅಷ್ಟೆ.

ಗಂಗಾಧರಸ್ವಾಮಿ ಪಂಚೆ ಎತ್ತಿ ಕಟ್ಟಿಕೊಂಡು ಬಂದರು. ಅವರ ಕಷ್ಟವೇ ಬೇರೆ. ಹೋದ ತಿಂಗಳು ಮೊಳಕೆ ಚೆಲ್ಲಿದ ಮಾರನೇ ದಿನ, ಒಂದೇ ಮಧ್ಯಾಹ್ನ ಹುಚ್ಚು ಮಳೆ ಸುರಿದು ಅವರ ಒಟ್ಲನ್ನು ಪೂರಾ ಕೊಚ್ಚಿಕೊಂಡು ಹೋಗಿತ್ತು.

“ಸಾಕಮ್ಮ, ನಂದು ಕೆಸ್ರ್ ಮಾಡಿದ್ ಗದ್ದೆ, ಪೈರಿಲ್ಲ. ನಿಂಗೆ ಪೈರದೆ, ನೀರಿಲ್ಲ. ನನ್ ಗದ್ದೇಲೇ ನಾಟಿ ಮಾಡ್ಸು. ಬಂದುದ್ರಲ್ಲಿ ಅರ್ಧ ನಿಂದು.”

“ಓದ್ವರ್ಸ ರಾತ್ರೋರಾತ್ರಿ ನನ್ ನೀರ್ ತಿರುಗ್ಸ್ಕೊಂಡೋರು ನೀವೇ ಅಲ್ವಾ ಸ್ವಾಮಣ್ಣ?”

“ನಾನೇಯ. ಬಯ್ಯಾದಿದ್ರೆ ನಾಟಿ ಮಾಡ್ತಾ ಬಯ್ಯಿ. ಎಣ್ಣಾಳ್ಗಳು ಕಾಯ್ತಾವ್ರೆ.”

ಮಂಟೇಸ್ವಾಮಿ ಕಿಸಕ್ಕನೆ ನಕ್ಕ. ಸಾಕಮ್ಮ ಗುರಾಯಿಸಿದ್ದು ನೋಡಿ ಕೆಮ್ಮಿದ.

ಮದುವೆಯಾಗಿ ಬಂದ ವರ್ಷದಿಂದ ಮೊದಲ ಹಿಡಿ ಪೈರನ್ನು ಅವಳೇ ತನ್ನ ಗದ್ದೆಯ ಈಶಾನ್ಯ ಮೂಲೆಗೆ ನೆಟ್ಟು ಕೈಮುಗಿಯುತ್ತಿದ್ದಳು. ಆಮೇಲೆಯೇ ಆಳುಗಳು ಕೆಸರಿಗೆ ಇಳಿಯುತ್ತಿದ್ದದ್ದು.

“ಪೈರು ಕಿತ್ಕಳಿ,” ಅಂದಳು ಕೊನೆಗೆ. “ಮೊದ್ಲ್ ಪೈರು ಮಾತ್ರ ನನ್ ಗದ್ದೇಲೇ ಊರಾದು.”

“ಅಲ್ಲಿ ನೆಲ ಬಿರುಕ್ ಬುಟ್ಟದಲ್ಲಕ್ಕ!” ಅಂದ ಮಂಟೇಸ್ವಾಮಿ.

“ಗೊತ್ತು ಕಣ್ಲಾ. ಅಲ್ಲೀಗಂಟ ಒಬ್ರೂ ಇಳೀಕೂಡ್ದು. ಆ ಕೊಡ ಇತ್ಲಾಗ್ ಕೊಡು.”

ಸೊಪ್ಪಿಟ್ಟ ತೂಬಿಗೆ ಅವಳು ಕೊಡ ಹಿಡಿದಾಗ ಗಂಗಾಧರಸ್ವಾಮಿ ತಡೆಯಲಿಲ್ಲ. ನೀರುಗಂಟಿ ಬೇರೆ ಕಡೆ ತಿರುಗಿದ.

ಸೊಂಟದ ಮೇಲೆ ಕೊಡ, ಕೈಯಲ್ಲಿ ಒಂದು ಹಿಡಿ ಪೈರು. ಬದುವಿನ ಮೇಲೆ ಹೆಚ್ಚುಕಮ್ಮಿ ಓಡಿಯೇ ಹೋದಳು. ಮೂಲೆಯಲ್ಲಿ ನೀರು ಸುರಿದಳು. ಪೈರು ಊರಲು ಬಗ್ಗುವಷ್ಟರಲ್ಲಿ ಬಿರುಕು ಅಷ್ಟನ್ನೂ ಗುಳುಗುಳು ಕುಡಿದುಬಿಟ್ಟಿತು.

ಸಾಕಮ್ಮ ಪೈರನ್ನು ಬದುವಿನ ನೆರಳಿಗಿಟ್ಟು, ಖಾಲಿ ಕೊಡ ಎತ್ತಿಕೊಂಡು ಮತ್ತೆ ತೂಬಿನ ಕಡೆ ಹೊರಟಳು.